ಎತ್ತಿಗೆ ಜ್ವರ, ಎಮ್ಮೆಗೆ ಬರೆ

ರೂಟರ್‌ಗಳಿಗೆ, ಸಿಸಿಟಿವಿಗಳಿಗೆ ಮಾಲ್‌ವೇರ್ ಬಡಿದ ಸುದ್ದಿ ಬಂದಾಗಲೆಲ್ಲ ಅದರ ಬಾಲಕ್ಕೆ ಒಂದು ಉಪದೇಶ ಅಂಟಿಕೊಂಡೇ ಬರುತ್ತೆ: ಗ್ರಾಹಕರು ಕೂಡಲೇ ಪಾಸ್‌ವರ್ಡ್ ಬದಲಿಸಿಕೊಳ್ಳಬೇಕು. ಸಲಹೆಯೇನೋ ಸರಿ. ಆದ್ರೆ ಅದನ್ನು ಹೇಳುವ ಭರದಲ್ಲಿ ತಪ್ಪು ಯಾರದು ಅನ್ನೋದನ್ನೂ ಸದ್ದಿಲ್ಲದೆ ತೀರ್ಮಾನ ಮಾಡಿಬಿಟ್ಟಿರ್ತಾರೆ. ನನ್ನ ತಕರಾರು ಇರೋದು ಅಲ್ಲಿ.

ಮಿರಾಯ್ ಕಥೆಯನ್ನೇ ತಗೊಳ್ಳಿ. 2016ರಲ್ಲಿ ಬಂದ ಈ ಮಾಲ್‌ವೇರ್ ಬೀಗ ಒಡೆಯುವ ರೀತಿಯಲ್ಲಿ ಮಹಾ ಬುದ್ಧಿವಂತಿಕೆ ಏನೂ ಇರಲಿಲ್ಲ. ಇಂಟರ್‌ನೆಟ್ ತುಂಬಾ ಅಲೆದು, ಟೆಲ್‌ನೆಟ್ ಅನ್ನೋ ಹಳೇ ಬಾಗಿಲು ತೆರೆದಿರುವ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಹುಡುಕೋದು. ಜೇಬಿನಲ್ಲಿದ್ದ ಅರವತ್ತು ಚಿಲ್ಲರೆ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಹಾಕಿ ನೋಡೋದು. ಅಡ್ಮಿನ್-ಅಡ್ಮಿನ್, ರೂಟ್-12345, ಇಂಥವೇ. ಒಳಗೆ ಹೋದ ಮೇಲೆ, ಮೊದಲೇ ಬಂದು ಕೂತಿದ್ದ ಬೇರೆ ಮಾಲ್‌ವೇರನ್ನು ಹೊರಗೆ ದಬ್ಬಿ, ತಾನು ಬಂದ ಟೆಲ್‌ನೆಟ್ ಬಾಗಿಲನ್ನೂ ಮುಚ್ಚಿಕೊಳ್ಳುತ್ತಿತ್ತು. ತಯಾರಕರು ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಕಳ್ಳನೇ ಮಾಡಿದ ಹಾಗಾಯ್ತು!

ಹೀಗೆ ಸೇರಿದ ದಂಡು ಆ ಸೆಪ್ಟೆಂಬರ್‌ನಲ್ಲಿ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅವರ ವೆಬ್‌ಸೈಟಿನ ಮೇಲೆ ಸೆಕೆಂಡಿಗೆ ಸುಮಾರು 620 ಗಿಗಾಬಿಟ್‌ನಷ್ಟು ಟ್ರಾಫಿಕ್ ಸುರಿಯಿತು. ಅದುವರೆಗೆ ಆ ಸೈಟಿಗೆ ಪುಕ್ಕಟೆ ರಕ್ಷಣೆ ಕೊಡುತ್ತಿದ್ದ ಅಕಮಾಯ್ ಕಂಪನಿ ಕೈ ಚೆಲ್ಲಿತು. ತಿಂಗಳ ಕೊನೆಗೆ ಮಿರಾಯ್‌ನ ಸೋರ್ಸ್ ಕೋಡ್ ಬಯಲಿಗೆ ಬಿತ್ತು. ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ದಾಳಿಯಾಗಿ, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಎಲ್ಲ ಗಂಟೆಗಟ್ಟಲೆ ಕೈಕೊಟ್ಟವು. ಮಿರಾಯ್ ಬರೆದ ಮೂವರು ಅಮೆರಿಕನ್ ಯುವಕರು ಮುಂದಿನ ವರ್ಷ ತಪ್ಪೊಪ್ಪಿಕೊಂಡರು. 2018ರಲ್ಲಿ ಅವರಿಗೆ 5 ವರ್ಷ ಪ್ರೊಬೇಷನ್, 2,500 ಗಂಟೆ ಸಮುದಾಯ ಸೇವೆಯ ಶಿಕ್ಷೆಯಾಯ್ತು.

ಸರಿ, ಕಳ್ಳರ ಕಥೆ ಮುಗೀತು. ಬೀಗ ಮಾಡಿದವರ ಕಥೆ?

ದಾಳಿಗೆ ಸಿಕ್ಕ ಎಷ್ಟೋ ಕ್ಯಾಮೆರಾ, ಡಿವಿಆರ್‌ಗಳ ಒಳಗಿದ್ದ ಬಿಡಿಭಾಗಗಳು ಚೀನಾದ ಷಿಯಾಂಗ್‌ಮಾಯ್ ಎಂಬ ಕಂಪನಿಯವು. ಅವುಗಳ ಟೆಲ್‌ನೆಟ್ ಪಾಸ್‌ವರ್ಡನ್ನು ಫರ್ಮ್‌ವೇರಿನಲ್ಲೇ ಅಚ್ಚೊತ್ತಿ ಇಟ್ಟಿದ್ದರು. ಅಂದ್ರೆ ಮನೆಯವರು ಶಿಸ್ತಾಗಿ ಬ್ರೌಸರ್ ತೆರೆದು ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ದರೂ ಒಳಗಿನದ್ದು ಅಲ್ಲಾಡುತ್ತಿರಲಿಲ್ಲ. ಗಲಾಟೆ ಜೋರಾದ ಮೇಲೆ ಕಂಪನಿ ಅಮೆರಿಕದಲ್ಲಿ ಮಾರಿದ್ದ ಕೆಲವು ಕ್ಯಾಮೆರಾಗಳನ್ನು ವಾಪಸ್ ಕರೆಸಿಕೊಳ್ಳುವುದಾಗಿ ಹೇಳಿತು. ಉಪದೇಶ ಮಾತ್ರ ಬದಲಾಗಲಿಲ್ಲ: ಪಾಸ್‌ವರ್ಡ್ ಬದಲಿಸಿ.

ನಮ್ಮಲ್ಲೂ ಅದೇ ಹಾಡು. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಡೀಫಾಲ್ಟ್ ಪಾಸ್‌ವರ್ಡ್ ಇದ್ದ ಮೋಡೆಮ್‌ಗಳಿಗೆ ಮಾಲ್‌ವೇರ್ ಹೊಕ್ಕು, ಸಾವಿರಾರು ಮನೆಗಳ ಇಂಟರ್‌ನೆಟ್ ನಿಂತುಹೋಯ್ತು. ಆಗಲೂ ಗ್ರಾಹಕರಿಗೆ ಸಿಕ್ಕಿದ್ದು ಪಾಸ್‌ವರ್ಡ್ ಬದಲಿಸಿ ಅನ್ನೋ ಬುದ್ಧಿಮಾತು. ಟಿವಿ ಸ್ಟ್ಯಾಂಡಿನ ಮೂಲೆಯಲ್ಲಿ ಧೂಳು ಹಿಡಿದು ಮಿಣಮಿಣ ಅನ್ನುವ ಆ ಡಬ್ಬಿಗೆ ಲಾಗಿನ್ ಅಂತ ಒಂದಿದೆ ಅನ್ನೋದೇ ಎಷ್ಟು ಮನೆಗಳಲ್ಲಿ ಗೊತ್ತಿರುತ್ತೆ ಹೇಳಿ? ಲೈನ್ ಎಳೆಯೋಕೆ ಬಂದ ಹುಡುಗ ಅದನ್ನು ಹೇಗೆ ಬಿಟ್ಟು ಹೋದನೋ ಹಾಗೇ ಇರುತ್ತೆ.

"ನಮ್ಮನೆ ಬಾಗಿಲಿಗೆ ಬೀಗ ಹಾಕ್ಕೊಳ್ಳೋದು ನಮ್ಮ ಜವಾಬ್ದಾರಿ ಅಲ್ವಾ?" ಅಂತ ನೀವು ಕೇಳಬಹುದು. ಹೌದು. ಆದ್ರೆ ಅಂಗಡಿಯವನು ಇಡೀ ಬಡಾವಣೆಗೆ ಒಂದೇ ಕೀಲಿಕೈ ಇರುವ ಬೀಗ ಮಾರಿದ್ದರೆ? ಅಡುಗೆಮನೆಯನ್ನು ನೋಡಿ. ಕುಕ್ಕರ್ ಸಿಡಿಯದ ಹಾಗೆ ನೋಡ್ಕೊಳ್ಳಿ ಅಂತ ಅಮ್ಮಂದಿರಿಗೆ ಉಪದೇಶ ಮಾಡಿ ನಾವು ಸುಮ್ಮನಾಗಲಿಲ್ಲ. ಸೇಫ್ಟಿ ವಾಲ್ವ್ ಇಟ್ಟೇ ಮಾರಬೇಕು ಅಂದೆವು, ಐಎಸ್‌ಐ ಗುರುತು ಕಡ್ಡಾಯ ಮಾಡಿದೆವು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮಿರಾಯ್ ಹೊಕ್ಕ ಕ್ಯಾಮೆರಾ ಗೇಟಿನ ಚಿತ್ರ ತೋರಿಸ್ತಾನೇ ಇರುತ್ತೆ. ಯಜಮಾನನಿಗೆ ನೋವೂ ಇಲ್ಲ, ಸುಳಿವೂ ಇಲ್ಲ. ಪೆಟ್ಟು ತಿನ್ನೋದು ಇನ್ನೆಲ್ಲೋ ಇರುವವರು. ಯಾರದೋ ಕರೆಂಟು, ಯಾರದೋ ಬ್ಯಾಂಡ್‌ವಿಡ್ತ್, ಯಲ್ಲಮ್ಮನ ಜಾತ್ರೆ. ಕೊಂಡವನಿಗೆ ಬಿಸಿ ತಟ್ಟದಿದ್ದರೆ ಅವನು ಬದಲಿಸಲ್ಲ. ಮಾರಿದವನಿಗೂ ತಟ್ಟದಿದ್ದರೆ ಅವನು ಯಾಕೆ ಖರ್ಚು ಮಾಡ್ತಾನೆ? ಈ ಗಂಟನ್ನು ಬಿಚ್ಚೋಕೆ ಜಾಗೃತಿ ಸಪ್ತಾಹ ಸಾಲದು, ಕಾನೂನೇ ಬೇಕು.

ಅದು ಆಗದ ಮಾತೇನಲ್ಲ. ಕ್ಯಾಲಿಫೋರ್ನಿಯಾದ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂತು. ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದನ್ನು ನಿಷೇಧಿಸಿತು. ಸೆಕ್ಯುರಿಟಿ ಅಪ್‌ಡೇಟ್ ಎಲ್ಲಿಯವರೆಗೆ ಕೊಡ್ತೀರಿ ಅನ್ನೋದನ್ನೂ ತಯಾರಕರು ಮೊದಲೇ ಹೇಳಬೇಕು ಅಂತು. ನಮ್ಮ ಸರ್ಕಾರ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಆದ್ರೆ ಇವೆಲ್ಲ ಹೊಸ ಮಾಲಿಗೆ. ಈಗಾಗಲೇ ಗೋಡೆಗೆ ನೇತುಹಾಕಿರೋವು ಕೆಟ್ಟು ಬೀಳುವವರೆಗೂ ಹಾಗೇ ಇರ್ತವೆ.

ಇದನ್ನು ಓದುವವರಲ್ಲಿ ಇಂಥ ಡಬ್ಬಿಗಳಿಗೇ ಕೋಡ್ ಬರೆಯುವವರೂ ಇದ್ದೀರಿ. ಡೀಫಾಲ್ಟ್ ಪಾಸ್‌ವರ್ಡ್ ಆಕಾಶದಿಂದ ಉದುರಲ್ಲ. ಯಾವುದೋ ಮೀಟಿಂಗಿನಲ್ಲಿ ಯಾರೋ "ಡೆಡ್‌ಲೈನ್ ಇದೆ, ಸದ್ಯಕ್ಕೆ ಅಡ್ಮಿನ್ ಅಂತಲೇ ಇರ್ಲಿ, ಆಮೇಲೆ ನೋಡೋಣ" ಅಂದಿರ್ತಾರೆ, ಮಿಕ್ಕವರು ತಲೆ ಆಡಿಸಿರ್ತಾರೆ. ಇವತ್ತು ಮನೆಗೆ ಹೋಗಿ ರೂಟರ್ ಪಾಸ್‌ವರ್ಡ್ ಖಂಡಿತ ಬದಲಿಸಿ. ನಾಳೆ ಆಫೀಸಿನಲ್ಲಿ ಆ ಮಾತು ಬಂದಾಗ, ಆಮೇಲೆ ಅಂದ್ರೆ ಯಾವಾಗ ಅಂತಾನೂ ಕೇಳಿ.