ಹಿತ್ತಲಿನ ಸೊಳ್ಳೆ ನಿಯಂತ್ರಣ: ಹೊಗೆಯೋ, ನೀರಿನ ಎಚ್ಚರವೋ?

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯು ಮನೆಯ ಒಳಗೂ ಹೊರಗೂ ನಿಂತ ತಿಳಿನೀರಿನಲ್ಲೇ ಹುಟ್ಟಿ ಬೆಳೆಯುವುದರಿಂದ ಅದರ ನಿಯಂತ್ರಣದ ಹೊಣೆಯಲ್ಲಿ ದೊಡ್ಡ ಪಾಲು ಮನೆಯವರ ಮೇಲೆಯೇ ಬೀಳುತ್ತದೆ. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಎಡೆಗೊಡುವ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಪಡಿಸಿದ ಮೇಲೆ ಈ ಹೊಣೆಗೆ ಕಾನೂನಿನ ಬಲವೂ ಬಂದಿದೆ. ಆದರೂ ಫಾಗಿಂಗ್ ಯಂತ್ರದ ಹೊಗೆ ಕಂಡರೆ ಮಾತ್ರ ಕೆಲಸ ನಡೆಯಿತೆಂಬ ನಂಬಿಕೆ ಅಳಿದಿಲ್ಲ. ಅದೇ ಅಂಗಳದ ತುಳಸಿ, ನುಗ್ಗೆ ಹೂಗಳಿಗೆ ಬರುವ ತುಡುವೆ, ಕೋಲುಜೇನು, ಮುಜಂಟಿ ಎಂಬ ಜೇನುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಈ ನಂಬಿಕೆಯ ದೋಷಗಳು ಸ್ಪಷ್ಟವಾಗುತ್ತವೆ.

ಫಾಗಿಂಗ್ ಎಂದರೆ ಡೀಸೆಲ್‌ನಂಥ ಎಣ್ಣೆಯಲ್ಲಿ ಬೆರೆಸಿದ ಕೀಟನಾಶಕವನ್ನು ಕಾಯಿಸಿ ಅತಿ ಸಣ್ಣ ಹನಿಗಳ ಹೊಗೆಯಾಗಿ ಹರಡುವುದು. ಆ ಹನಿ ತಾಗಿದ ಹಾರುವ ಸೊಳ್ಳೆ ಸಾಯುತ್ತದೆಯೇ ಹೊರತು ನೀರಿನಲ್ಲಿರುವ ಮೊಟ್ಟೆ, ಮರಿಹುಳುಗಳಿಗೆ ಏನೂ ಆಗುವುದಿಲ್ಲ. ಹೀಗಾಗಿ ಕೆಲವೇ ದಿನಗಳಲ್ಲಿ ಹೊಸ ಸೊಳ್ಳೆಗಳು ಏಳುತ್ತವೆ. ಇದರಲ್ಲಿ ಬಳಸುವ ಪೈರೆಥ್ರಾಯ್ಡ್ ವರ್ಗದ ಕೀಟನಾಶಕಗಳು ನರಮಂಡಲವನ್ನು ಕೆಡಿಸುವಂಥವು, ಸೊಳ್ಳೆಯ ನರಕ್ಕೂ ಜೇನಿನ ನರಕ್ಕೂ ಅವು ಭೇದ ಎಣಿಸುವುದಿಲ್ಲ. ಸಂಜೆ ಕತ್ತಲಾದ ಮೇಲೆ ಹೊಗೆ ಬಿಟ್ಟರೆ ಜೇನು ಗೂಡು ಸೇರಿರುತ್ತದೆ ನಿಜ, ಆದರೆ ಹಗಲು ಕಚ್ಚುವ ಈಡಿಸ್ ಕೂಡ ಆಗ ಮರೆಯಲ್ಲಿ ಕುಳಿತಿರುತ್ತದೆ. ಹಗಲು ಹೊತ್ತು ಹೊಗೆ ಬಿಟ್ಟರೆ ಎರಡೂ ಸಿಕ್ಕಿಬೀಳುತ್ತವೆ. ಅಮೆರಿಕದ ದಕ್ಷಿಣ ಕೆರೊಲಿನಾದ ಡಾರ್ಚೆಸ್ಟರ್ ಕೌಂಟಿಯಲ್ಲಿ 2016ರ ಆಗಸ್ಟ್‌ನಲ್ಲಿ ಝಿಕಾ ರೋಗದ ಭಯದಿಂದ ಬೆಳಗಿನ ಹೊತ್ತು ವಿಮಾನದಿಂದ ನ್ಯಾಲೆಡ್ ಎಂಬ ಕೀಟನಾಶಕ ಸಿಂಪಡಿಸಿದಾಗ ಲಕ್ಷಗಟ್ಟಲೆ ಜೇನುನೊಣಗಳು ಸತ್ತದ್ದು ಈ ಇಕ್ಕಟ್ಟಿಗೆ ದೊಡ್ಡ ಪ್ರಮಾಣದ ನಿದರ್ಶನ.

ವಿಷವಿಲ್ಲದ್ದೆಲ್ಲ ನಿರಪಾಯವೆಂದೂ ಹೇಳಲಾಗದು. ನೇರಳಾತೀತ ಬೆಳಕಿನಿಂದ ಸೆಳೆದು ವಿದ್ಯುತ್ತಿನಿಂದ ಕೊಲ್ಲುವ ದೀಪಗಳನ್ನು ಅಂಗಳದಲ್ಲಿ ತೂಗುಹಾಕುವ ರೂಢಿಯನ್ನು ಅಮೆರಿಕದ ಡೆಲಾವೇರ್‌ನಲ್ಲಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತ್ತ 13,789 ಕೀಟಗಳಲ್ಲಿ ಕಚ್ಚುವಂಥವು ಬರೀ 31. ಉಳಿದವು ಮನುಷ್ಯನ ತಂಟೆಗೆ ಬಾರದವು.

ಸೊಳ್ಳೆಯೂ ಜೇನೂ ಗಾಳಿಯನ್ನು, ಹೂಗಿಡವನ್ನು ಹಂಚಿಕೊಳ್ಳುತ್ತವೆ. ಆದರೆ ಸೊಳ್ಳೆಯ ಬಾಲ್ಯ ಕಳೆಯುವ ನೀರಿನಲ್ಲಿ ಜೇನಿನ ಮರಿ ಬೆಳೆಯುವುದಿಲ್ಲ. ಆದ್ದರಿಂದ ಯಾವ ಔಷಧಿ ಎಂಬುದಕ್ಕಿಂತ ಸೊಳ್ಳೆಯನ್ನು ಯಾವ ಹಂತದಲ್ಲಿ ತಡೆಯಬೇಕು ಎಂಬುದೇ ಮುಖ್ಯ ಪ್ರಶ್ನೆ. ಹೂಕುಂಡದ ಕೆಳಗಿನ ತಟ್ಟೆಯನ್ನು ನೋಡಿದರೆ ಇದು ತಿಳಿಯುತ್ತದೆ: ಬೆರಳಿನಷ್ಟು ಆಳದ ನೀರಿನಲ್ಲಿ ಮರಿಹುಳುಗಳು ತಲೆಕೆಳಗಾಗಿ ತೇಲುತ್ತಿರುತ್ತವೆ, ನೀರಿನ ಅಂಚಿನ ಮೇಲಿನ ಗೋಡೆಗೆ ಕಪ್ಪು ಚುಕ್ಕೆಗಳಂಥ ಮೊಟ್ಟೆಗಳು ಅಂಟಿರುತ್ತವೆ. ಈ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರುವುದರಿಂದ ನೀರು ಚೆಲ್ಲಿದರೆ ಸಾಲದು, ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಬೇಸಿಗೆಯಲ್ಲಿ ವಾರದಿಂದ ಹತ್ತು ದಿನ ಸಾಕಾಗುವುದರಿಂದ ತೊಟ್ಟಿ, ಡ್ರಮ್ಮು, ತೆಂಗಿನ ಚಿಪ್ಪು, ಹಳೆಯ ಟೈರು ಇವನ್ನೆಲ್ಲ ವಾರಕ್ಕೊಮ್ಮೆ ಬರಿದು ಮಾಡುವುದು, ಸಂಪು ಮತ್ತು ಟ್ಯಾಂಕಿಗೆ ಬಿಗಿ ಮುಚ್ಚಳ ಹಾಕುವುದು ಸೊಳ್ಳೆಯನ್ನು ನೀರಿನಲ್ಲೇ ತಡೆಯುವ ಮೂಲ ನಿಯಮ.

ಬರಿದು ಮಾಡಲಾಗದ ಅಲಂಕಾರದ ಕೊಳಕ್ಕೆ ಬಿಟಿಐ ಎಂಬ ಬ್ಯಾಕ್ಟೀರಿಯಾ ತಳಿ ಸೂಕ್ತ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಪತ್ತೆಯಾದ ಇದರ ವಿಷಕಣಗಳು ಸೊಳ್ಳೆಮರಿಯಂಥ ಕೆಲವೇ ಕೀಟಮರಿಗಳ ಕ್ಷಾರೀಯ ಕರುಳಿನಲ್ಲಿ ಮಾತ್ರ ಚುರುಕಾಗುತ್ತವೆ, ಆ ನೀರು ಕುಡಿದ ಜೇನಿಗೆ ಅಪಾಯವಿಲ್ಲ. ಆದರೆ ತಿನ್ನುವುದನ್ನೇ ಬಿಟ್ಟ ಪ್ಯೂಪಾ, ಅಂದರೆ ಕೋಶಾವಸ್ಥೆಯ ಮೇಲೆ ಇದು ಕೆಲಸ ಮಾಡದು. ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಮುಚ್ಚಿದ ತೊಟ್ಟಿಗೆ ಒಳ್ಳೆಯದೇ, ಕೆರೆಗೆ ಬಿಟ್ಟರೆ ಸ್ಥಳೀಯ ಮೀನು, ಕಪ್ಪೆಮರಿಗಳಿಗೆ ಕಂಟಕ.

ನೀರಿನಲ್ಲೇ ತಡೆಯುವ ಈ ವಿಧಾನಕ್ಕೂ ಮಿತಿಯಿದೆ: ಪಕ್ಕದ ಮನೆಯ ತೊಟ್ಟಿ, ಮೋರಿಯ ಕ್ಯುಲೆಕ್ಸ್ ಸೊಳ್ಳೆ ಒಬ್ಬರ ಶ್ರಮಕ್ಕೆ ಬಗ್ಗವು. ಅದಕ್ಕಾಗಿ ಬೀದಿಯವರು ಕೂಡಬೇಕು, ಪಾಲಿಕೆಯೂ ಮೋರಿ ಸರಿಪಡಿಸಬೇಕು. ಡೆಂಗಿ ಹಬ್ಬಿದ ತುರ್ತಿನಲ್ಲಿ ಹೊಗೆಗೆ ಸ್ಥಾನವಿದೆ, ಆದರೆ ಅದು ಕೊನೆಯ ಉಪಾಯ. ದಿನನಿತ್ಯದ ನಿಯಂತ್ರಣಕ್ಕೆ ವಾರಕ್ಕೊಮ್ಮೆ ನೀರು ಚೆಲ್ಲಿ ಉಜ್ಜುವ ಕೆಲಸವೇ ಅಗ್ಗ, ಪರಿಣಾಮಕಾರಿ ಮತ್ತು ಜೇನಿಗೆ ನಿರಪಾಯ.