ಹೊಳೆಯುವ ಹುರುಪೆಯೂ ಕಪ್ಪು ಮೀನೂ

ಮಕ್ಕಳ ಚಿತ್ರಪುಸ್ತಕವೊಂದು ಬಿಡುಗಡೆಯಾಗುವಾಗ ವೇದಿಕೆಯ ಮೇಲಿರುವವರು ಸಾಮಾನ್ಯವಾಗಿ ಅದರ ನೀತಿಯನ್ನು ಹೊಗಳಿ ಮಾತು ಮುಗಿಸುತ್ತಾರೆ. ಪುಟ ತಿರುವಿ ನೋಡುವವರು ವಿರಳ. ಮಗುವಾದರೋ ಚಿತ್ರವನ್ನು ನೋಡುತ್ತದೆ. ಕಥೆಯಲ್ಲಿ ಯಾರಿಗೆ ಏನಾಯಿತೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಕಡಲ ಜೀವಿಗಳನ್ನು ಕುರಿತ ಎರಡು ಪ್ರಸಿದ್ಧ ಪುಸ್ತಕಗಳನ್ನು ಈ ಮಗುವಿನ ಕಣ್ಣಿನಿಂದ ಪರಿಶೀಲಿಸೋಣ.

ಮೊದಲನೆಯದು ಸ್ವಿಟ್ಜರ್ಲೆಂಡಿನ ಮಾರ್ಕುಸ್ ಫಿಸ್ಟರ್ ಅವರು ಜರ್ಮನ್ ಭಾಷೆಯಲ್ಲಿ ರಚಿಸಿದ, 1992ರಲ್ಲಿ ಪ್ರಕಟವಾದ ಕೃತಿ. ಇಂಗ್ಲಿಷಿನಲ್ಲಿ ಅದು ‘ದಿ ರೇನ್‌ಬೋ ಫಿಶ್’. ಮೈತುಂಬ ಹೊಳೆಯುವ ಹುರುಪೆಗಳಿರುವ ಚೆಲುವಾದ ಮೀನೊಂದು ಗರ್ವದಿಂದ ಯಾರೊಡನೆಯೂ ಆಡುವುದಿಲ್ಲ. ಪುಟ್ಟ ನೀಲಿ ಮೀನು ಒಂದು ಹುರುಪೆಯನ್ನು ಬೇಡಿದಾಗ ಗದರಿಸಿ ಅಟ್ಟುತ್ತದೆ. ಎಲ್ಲರೂ ಅದಕ್ಕೆ ಬೆನ್ನು ತಿರುಗಿಸುತ್ತಾರೆ. ಜಾಣ ಆಕ್ಟೋಪಸ್ಸಿನ ಸಲಹೆಯಂತೆ ಅದು ಒಂದೊಂದೇ ಹುರುಪೆಯನ್ನು ಕಿತ್ತು ಹಂಚುತ್ತದೆ. ಕೊನೆಗೆ ತನಗೊಂದು ಮಾತ್ರ ಉಳಿಸಿಕೊಂಡು ಎಲ್ಲರ ಸ್ನೇಹವನ್ನು ಪಡೆಯುತ್ತದೆ.

ಹಂಚಿಕೊಳ್ಳುವ ಗುಣವನ್ನು ಕಲಿಸಲು ಇದಕ್ಕಿಂತ ಸುಲಭವಾದ ಕಥೆ ಇಲ್ಲವೆಂದು ಧರ್ಮೋಪದೇಶದ ತರಗತಿಗಳಲ್ಲಿಯೂ ಇದನ್ನು ಹೇಳುವುದುಂಟು. ನನಗೆ ಇಲ್ಲಿ ತೊಡಕು ಕಾಣುತ್ತದೆ. ಆ ಮೀನಿನ ತಪ್ಪಾದರೂ ಏನು? ಕರೆದಾಗ ಓಗೊಡಲಿಲ್ಲ, ಜೊತೆಗೂಡಿ ಆಡಲಿಲ್ಲ. ಹಾಗಿದ್ದರೆ ಪರಿಹಾರ, ಹೋಗಿ ಆಡುವುದು. ಗದರಿಸಿದ್ದಕ್ಕೆ ಕ್ಷಮೆ ಬೇಡುವುದು. ಕಥೆ ಅದನ್ನು ಕೇಳದೆ ಮೈಯ ಹುರುಪೆಯನ್ನು ಕೇಳುತ್ತದೆ. ಹುರುಪೆ ಒಡವೆಯಲ್ಲ, ಮೀನಿಗೆ ಅದು ರಕ್ಷಾಕವಚ. ಹುರುಪೆ ಉದುರಿದ ಮೀನು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಬೇಡಿದವರಾದರೂ ಹಸಿದವರಲ್ಲ. ಕೊಡುವವರೆಗೆ ದೂರವಿಟ್ಟು, ಕೊಟ್ಟೊಡನೆ ಹತ್ತಿರ ಬಂದರೆ ಆ ಸ್ನೇಹಕ್ಕೆ ಬೆಲೆ ಕಟ್ಟಿದಂತಾಗಲಿಲ್ಲವೇ? ದೇವಾಲಯದಲ್ಲಿ ಎರಡು ಕಾಸು ಹಾಕಿದ ಬಡ ವಿಧವೆಯನ್ನು ನೆನೆಯಿರಿ. ಆಕೆಗೆ ಪ್ರತಿಫಲವಾಗಿ ಗೆಳೆಯರಾರೂ ದೊರೆಯಲಿಲ್ಲ. ಯೇಸುಸ್ವಾಮಿ ಆಕೆಯನ್ನು ಮೆಚ್ಚಿದ್ದು ಶಿಷ್ಯರೊಡನೆ ಮಾತನಾಡುವಾಗ.

ಚಿತ್ರಗಳ ಸೊಗಸನ್ನು ಮಾತ್ರ ಅಲ್ಲಗಳೆಯಲಾಗದು. ತಿಳಿಯಾದ ನೀರುಬಣ್ಣದ ನಡುವೆ ಹುರುಪೆಗಳಿಗೆ ಮಿನುಗುವ ಹಾಳೆಯನ್ನು ಅಂಟಿಸಿದ್ದಾರೆ. ಪುಟವನ್ನು ಓರೆಮಾಡಿದಂತೆಲ್ಲ ಬಣ್ಣ ಬದಲಾಗುತ್ತದೆ. ಮಿನುಗನ್ನು ತ್ಯಜಿಸೆಂದು ಹೇಳುವ ಪುಸ್ತಕವೇ ಮಿನುಗಿನಿಂದ ಮಗುವನ್ನು ಸೆಳೆಯುವುದು ಸಣ್ಣ ವಿನೋದ!

ಇದರ ಪಕ್ಕದಲ್ಲಿ ಲಿಯೋ ಲಿಯೊನ್ನಿ ಅವರ ‘ಸ್ವಿಮ್ಮಿ’ಯನ್ನು ಇಟ್ಟು ನೋಡಿ. 1963ರಲ್ಲಿ ಪ್ರಕಟವಾಗಿ, ಮರುವರ್ಷ ಅಮೆರಿಕದ ಕಾಲ್ಡಿಕಾಟ್ ಗೌರವ ಪಡೆದ ಪುಸ್ತಕವಿದು. ಕೆಂಪು ಮೀನುಗಳ ಹಿಂಡಿನಲ್ಲಿ ಸ್ವಿಮ್ಮಿ ಒಂದೇ ಕಪ್ಪು. ಹಸಿದ ಟ್ಯೂನಾ ಮೀನೊಂದು ಒಡಹುಟ್ಟಿದವರನ್ನೆಲ್ಲ ಒಂದೇ ತುತ್ತಿಗೆ ನುಂಗುತ್ತದೆ. ಮಕ್ಕಳು ಹೆದರಿಯಾರೆಂದು ಈ ಪುಟವನ್ನು ದಾಟಿಸುವ ತಾಯ್ತಂದೆಯರಿದ್ದಾರೆ, ದಾಟಿಸಬೇಡಿ. ಮರಣವನ್ನು ಬಚ್ಚಿಡದ ಕಾರಣದಿಂದಲೇ ಮುಂದಿನ ಪುಟಗಳ ಸಾಂತ್ವನ ನಿಜವೆನಿಸುತ್ತದೆ. ದುಃಖಿಯಾಗಿ ಒಂಟಿಯಾಗಿ ಅಲೆಯುವ ಆ ಮೀನು ಜೆಲ್ಲಿ ಮೀನನ್ನು, ಲಾಬ್‌ಸ್ಟರನ್ನು, ಬಾಲ ಎಲ್ಲಿ ಮುಗಿಯುತ್ತದೋ ತಿಳಿಯದಷ್ಟು ಉದ್ದದ ಹಾವುಮೀನನ್ನು ಕಾಣುತ್ತದೆ. ಯಾರೂ ಉಪದೇಶಿಸುವುದಿಲ್ಲ. ಸೃಷ್ಟಿಯ ಬೆರಗೇ ಮೆಲ್ಲಮೆಲ್ಲನೆ ಅದರ ಗಾಯವನ್ನು ಮಾಯಿಸುತ್ತದೆ. ಕಡಲು ಇಲ್ಲಿ ಕಥೆಯ ಹಿನ್ನೆಲೆಯಲ್ಲ, ವೈದ್ಯ.

ಆಮೇಲೆ, ಬಂಡೆಯ ನೆರಳಿನಲ್ಲಿ ಹೆದರಿ ಅಡಗಿರುವ ಇನ್ನೊಂದು ಕೆಂಪು ಹಿಂಡು. ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಸೇರಿ ದೊಡ್ಡದೊಂದು ಮೀನಿನ ಆಕಾರದಲ್ಲಿ ಈಜಬೇಕೆಂದು ಸ್ವಿಮ್ಮಿ ಕಲಿಸುತ್ತದೆ. ಕಪ್ಪಾಗಿರುವ ತಾನು ಅದರ ಕಣ್ಣಾಗುತ್ತದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯ ಬಲ್ಲವರಿಗೆ ಇದು ಅಪರಿಚಿತ ಚಿತ್ರವಲ್ಲ. ಅಲ್ಲಿಯೂ ಅಂಗಗಳು ಒಂದೇ ಬಗೆಯವಾಗಿ ಒಂದಾಗುವುದಿಲ್ಲ.

ಬಣ್ಣದಲ್ಲೋ ಬುದ್ಧಿಯಲ್ಲೋ ನಡಿಗೆಯಲ್ಲೋ ಉಳಿದವರಂತಿಲ್ಲದ ಮಗು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇದೆ. ಮೊದಲನೆಯ ಪುಸ್ತಕವನ್ನು ಅದರಿಂದ ಕಸಿಯಬೇಕಿಲ್ಲ. ಆದರೆ ಎರಡನೆಯದನ್ನೂ ಅದರ ಕೈಗಿಡಿ. ‘ಸ್ವಿಮ್ಮಿ’ಯ ಕೊನೆಗೆ ಬರುವ ಆ ದೊಡ್ಡ ಕೆಂಪು ಮೀನಿನಲ್ಲಿರುವ ಕಪ್ಪು ಚುಕ್ಕೆಯನ್ನು ಮಗುವಿನ ಬೆರಳಿನಿಂದ ಒಮ್ಮೆ ಮುಚ್ಚಿಸಿ, ಮೀನಿಗೆ ಏನಾಯಿತೆಂದು ಕೇಳಿ ನೋಡಿ.