ನಾನು, ನಾವು, ಅವಳು: ಅರ್ಜಿಗಳನ್ನು ಓದುತ್ತಾ

ಕಳೆದ ವರ್ಷ ನಮ್ಮ ವಿಭಾಗದ ಸೆಮಿನಾರಿನಲ್ಲಿ ಒಂದು ಪ್ರಬಂಧ ಮಂಡಿಸಿದೆ. ಪಂಚಾಯಿತಿ, ಠಾಣೆ, ಕೋರ್ಟುಗಳ ಮುಂದೆ ನಿಂತು ಮಾತಾಡುವ ಹೆಣ್ಣುಗಳನ್ನು ಕನ್ನಡ ಕಥೆಗಳು ಹೇಗೆ ಚಿತ್ರಿಸಿವೆ ಎನ್ನುವುದು ನನ್ನ ಪಿಎಚ್.ಡಿ. ವಿಷಯ. ನಡುವೆ ಕೆಲವು ತಿಂಗಳು ಒಂದು ಕಾನೂನು ನೆರವಿನ ಕೇಂದ್ರಕ್ಕೆ ಅರ್ಜಿ ಬರೆದುಕೊಡಲು ಹೋಗುತ್ತಿದ್ದೆ. ಅಲ್ಲಿ ಕೇಳಿದ ಒಬ್ಬ ಹೆಣ್ಣುಮಗಳ ಕಥೆಯನ್ನು, ಹೆಸರು ಊರು ಬದಲಿಸಿ, ಪ್ರಬಂಧದ ಕೊನೆಗೆ ಸೇರಿಸಿದ್ದೆ. ಊಟದ ಹೊತ್ತಿಗೆ ಮೂರ್ನಾಲ್ಕು ಜನ ಹತ್ತಿರ ಬಂದು, "ಆ ಕೊನೆಯ ಭಾಗ ಕಣ್ಣಲ್ಲಿ ನೀರು ತರಿಸಿತು" ಅಂದರು. ನನಗೆ ಖುಷಿಯೇ ಆಯಿತು.

ರಾತ್ರಿ ಹಾಸ್ಟೆಲಿಗೆ ಬಂದ ಮೇಲೆ, ಅವರು ಅರ್ಜಿ ಬರೆಸುವ ಮೊದಲು ನನ್ನನ್ನು ಕೇಳಿದ್ದ ಮಾತು ನೆನಪಾಯಿತು. "ಇನ್ನೂ ಎಷ್ಟ್ ಸಲ ಹೇಳ್ಲಿ ಮೇಡಂ?" ಅಷ್ಟರಲ್ಲಿ ಅವರು ತವರಿನವರ ಮುಂದೆ, ಊರ ಯಜಮಾನರ ಮುಂದೆ, ಠಾಣೆಯಲ್ಲಿ, ವಕೀಲರ ಹತ್ತಿರ ಅದನ್ನೇ ಹೇಳಿ ಬಂದಿದ್ದರು. ನಾನು ಐದನೆಯವಳು. ಆರನೆಯ ಸಲ, ಅವರನ್ನು ಒಂದು ಮಾತೂ ಕೇಳದೆ, ಸೆಮಿನಾರಿನಲ್ಲಿ ನಾನೇ ಹೇಳಿಬಿಟ್ಟಿದ್ದೆ.

ಅಂದಿನಿಂದ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಒಬ್ಬಳೇ ಹೆಣ್ಣು ತನ್ನ ನೋವನ್ನು ಮತ್ತೆ ಮತ್ತೆ ಬಿಚ್ಚಿ ತೋರಿಸದೆ ನ್ಯಾಯ ಕೇಳುವ ಭಾಷೆ ಯಾವುದಾದರೂ ಇದೆಯೇ? ಸಾಹಿತ್ಯ ವಿಮರ್ಶೆಯಲ್ಲಿ ಉತ್ತರ ಹುಡುಕಿದೆ, ಹೆಚ್ಚೇನೂ ಸಿಗಲಿಲ್ಲ. ಆಮೇಲೆ ನಾವು ಸಾಮಾನ್ಯವಾಗಿ ಪಠ್ಯವೆಂದು ಓದದ ಬರಹಗಳ ಕಡೆಗೆ ಹೋದೆ: ಅರ್ಜಿ, ಪ್ರಮಾಣಪತ್ರ, ತೀರ್ಪು. ಅದರಲ್ಲೂ ಮಹಿಳಾ ವಕೀಲರು ಸಂಘ ಕಟ್ಟಿಕೊಂಡು ಕೋರ್ಟಿಗೆ ಹೋದ ಪ್ರಕರಣಗಳ ಕಡೆಗೆ.

ಈ ಸಂಘಗಳಿಗೆ ಉದ್ದನೆಯ ಚರಿತ್ರೆಯಿದೆ. ಕಾನೂನು ವೃತ್ತಿಯ ಮಹಿಳೆಯರ ಒಂದು ಅಂತಾರಾಷ್ಟ್ರೀಯ ಒಕ್ಕೂಟ ಪ್ಯಾರಿಸ್‌ನಲ್ಲಿ ಹುಟ್ಟಿದ್ದು ಎರಡು ಮಹಾಯುದ್ಧಗಳ ನಡುವೆ. ಇನ್ನೊಂದು ಹುಟ್ಟಿದ್ದು 1944ರಲ್ಲಿ, ಮೆಕ್ಸಿಕೋ ನಗರದಲ್ಲಿ. ಮೆಕ್ಸಿಕೋ, ಕ್ಯೂಬಾ, ಎಲ್ ಸಾಲ್ವಡಾರ್, ಪೋರ್ಟೊರಿಕೊ ಮತ್ತು ಅಮೆರಿಕದ ವಕೀಲೆಯರು ಸೇರಿ ಕಟ್ಟಿದ ಈ ಒಕ್ಕೂಟದ ಸ್ಪ್ಯಾನಿಷ್ ಹೆಸರಿನ ಮೊದಲ ಅಕ್ಷರಗಳಿಂದ ಬಂದ ಹೆಸರು ಫಿಡಾ. ಇದು ಆಳವಾಗಿ ಬೇರು ಬಿಟ್ಟದ್ದು ಆಫ್ರಿಕಾದಲ್ಲಿ. ನೈಜೀರಿಯಾದಲ್ಲಿ 1964ರಲ್ಲಿ, ಘಾನಾ ಮತ್ತು ಉಗಾಂಡಾಗಳಲ್ಲಿ 1974ರಲ್ಲಿ, ನೈರೋಬಿಯ ವಿಶ್ವ ಮಹಿಳಾ ಸಮ್ಮೇಳನದ ಬೆನ್ನಿಗೆ ಕೀನ್ಯಾದಲ್ಲಿ 1985ರಲ್ಲಿ ಇದರ ಶಾಖೆಗಳು ಶುರುವಾದವು. ಜೀವನಾಂಶ, ಆಸ್ತಿ, ಮಕ್ಕಳ ಪಾಲನೆಯ ಮೊಕದ್ದಮೆಗಳನ್ನು ಹಿಡಿದು ಬರುವ ಬಡ ಹೆಂಗಸರಿಗೆ ಪುಕ್ಕಟೆ ನೆರವು ಕೊಡುವುದು ಈ ಸಂಘಗಳ ದಿನನಿತ್ಯದ ಕೆಲಸ. ಕಾನೂನೇ ತಪ್ಪಾಗಿದ್ದರೆ ಕಾನೂನಿನ ಮೇಲೆಯೇ ಕೇಸು ಹಾಕುವುದು ಇನ್ನೊಂದು ಕೆಲಸ.

ಆಫ್ರಿಕಾದ ಮೂರು ಪಠ್ಯಗಳನ್ನು ಇಲ್ಲಿ ಜೊತೆಗಿಟ್ಟು ಓದುತ್ತೇನೆ. ಒಂದು 'ನಾನು' ಎನ್ನುತ್ತದೆ, ಒಂದು 'ನಾವು' ಎನ್ನುತ್ತದೆ, ಮತ್ತೊಂದು 'ಅವಳು' ಎನ್ನುತ್ತದೆ.

ಮೊದಲನೆಯದು ಬೋಟ್ಸ್ವಾನಾದ ಯೂನಿಟಿ ಡೌ ಅವರದು. ಡೌ ವಕೀಲೆ, 1998ರಲ್ಲಿ ಆ ದೇಶದ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆಯಾದವರು, ಕಾದಂಬರಿಕಾರ್ತಿಯೂ ಹೌದು. ಅವರ ಗಂಡ ಅಮೆರಿಕದ ಪ್ರಜೆ. ಬೋಟ್ಸ್ವಾನಾದಲ್ಲಿ 1980ರ ದಶಕದಲ್ಲಿ ಬಂದ ಪೌರತ್ವ ಕಾಯ್ದೆಯ ಪ್ರಕಾರ ಮದುವೆಯೊಳಗೆ ಹುಟ್ಟಿದ ಮಗುವಿಗೆ ಪೌರತ್ವ ಬರುವುದು ತಂದೆಯಿಂದ, ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ತಾಯಿಯಿಂದ. ಹಾಗಾಗಿ ಮದುವೆಗೆ ಮುಂಚೆ ಹುಟ್ಟಿದ ಅವರ ಮೊದಲ ಮಗು ಬೋಟ್ಸ್ವಾನಾದ ಪ್ರಜೆ. ಮದುವೆಯಾದ ಮೇಲೆ ಅದೇ ತಾಯಿಗೆ, ಅದೇ ತಂದೆಯಿಂದ, ಅದೇ ನೆಲದಲ್ಲಿ ಹುಟ್ಟಿದ ಇಬ್ಬರು ಪರದೇಶಿಗಳು. ಗಂಡಸಿಗೆ ಈ ತೊಡಕು ಇರಲಿಲ್ಲ. ಅವನು ಯಾವ ದೇಶದವಳನ್ನು ಕಟ್ಟಿಕೊಂಡರೂ ಮಕ್ಕಳು ಅಲ್ಲಿಯವರೇ.

ಡೌ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರ ಸಂಖ್ಯೆ ಹಾಕಿದ ಸಣ್ಣ ಸಣ್ಣ ಪ್ಯಾರಾಗಳಲ್ಲಿದೆ. ಹುಟ್ಟಿದ್ದು, ಮದುವೆಯಾದದ್ದು, ಮಕ್ಕಳು ಹುಟ್ಟಿದ್ದು. ಗಂಡನ ವಾಸದ ಪರವಾನಗಿ ನವೀಕರಣವಾಗದಿದ್ದರೆ ಇಡೀ ಸಂಸಾರ ದೇಶ ಬಿಡಬೇಕಾಗುತ್ತದೆ ಎನ್ನುವ ಆತಂಕವೂ ಅಷ್ಟೇ ಒಣ ಧಾಟಿಯಲ್ಲಿದೆ. ಕಣ್ಣೀರಿಲ್ಲ, ವಿಶೇಷಣಗಳೂ ಇಲ್ಲವೆನ್ನುವಷ್ಟು ಕಡಿಮೆ. ಸರ್ಕಾರದ ಎರಡು ವಾದಗಳು ನನಗೆ ಮುಖ್ಯವೆನಿಸಿದವು. ಸಂವಿಧಾನದ ತಾರತಮ್ಯ ನಿಷೇಧದ ವ್ಯಾಖ್ಯೆಯಲ್ಲಿ 'ಲಿಂಗ' ಎಂಬ ಪದವನ್ನು ಬೇಕೆಂದೇ ಬಿಡಲಾಗಿದೆ, ಏಕೆಂದರೆ ನಮ್ಮದು ಪಿತೃಪ್ರಧಾನ ಸಮಾಜ ಎನ್ನುವುದು ಒಂದು. ತೊಂದರೆ ಆಗಿದ್ದರೆ ಮಕ್ಕಳಿಗೆ, ತಾಯಿಗಲ್ಲ, ಆದ್ದರಿಂದ ಈಕೆಗೆ ಕೇಸು ಹಾಕುವ ಹಕ್ಕೇ ಇಲ್ಲ ಎನ್ನುವುದು ಇನ್ನೊಂದು. ಅಂದರೆ ಈ ಕಥೆ ನಿನ್ನದಲ್ಲ, ಹೇಳಬೇಡ ಎಂದು. 1991ರಲ್ಲಿ ಹೈಕೋರ್ಟು, 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಮೂರು–ಎರಡರ ಬಹುಮತದಿಂದ, ಡೌ ಅವರ ಪರವಾಗಿ ತೀರ್ಪು ಕೊಟ್ಟವು. 1995ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಅದೇ ವರ್ಷ ಡೌ ಈ ಪ್ರಕರಣದ ಕಾಗದಪತ್ರಗಳನ್ನೆಲ್ಲ ತಾವೇ ಸಂಪಾದಿಸಿ ಪುಸ್ತಕವಾಗಿ ತಂದರು.

ಈ 'ನಾನು' ಗಟ್ಟಿಯಾದದ್ದು. ಅದರ ಹಿಂದೆ 1986ರಲ್ಲಿ ಹುಟ್ಟಿದ 'ಎಮಾಂಗ್ ಬಸಾದಿ' ಎಂಬ ಮಹಿಳಾ ಸಂಘಟನೆಯಿದೆ. ಹೆಂಗಸರೇ, ಎದ್ದು ನಿಲ್ಲಿ ಎಂದು ಆ ಹೆಸರಿನ ಅರ್ಥ. ಮಿಗಿಲಾಗಿ ಡೌ ತನ್ನ ಕಥೆಯನ್ನು ಕಾನೂನಿನ ಭಾಷೆಯಲ್ಲಿ ತಾನೇ ಬರೆದುಕೊಳ್ಳಬಲ್ಲವರು. ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎನ್ನುವ ಹತೋಟಿ ಅವರ ಕೈಯಲ್ಲೇ ಇತ್ತು. ನಾನು ಅರ್ಜಿ ಬರೆದುಕೊಟ್ಟ ಹೆಣ್ಣುಮಗಳ ಕೈಯಲ್ಲಿ ಅದು ಇರಲಿಲ್ಲ.

ಎರಡನೆಯದು ಉಗಾಂಡಾದ್ದು. 2003ರಲ್ಲಿ ಅಲ್ಲಿನ ಮಹಿಳಾ ವಕೀಲರ ಸಂಘ, ಅಂದರೆ ಉಗಾಂಡಾದ ಫಿಡಾ, ಐವರು ವ್ಯಕ್ತಿಗಳ ಜೊತೆ ಸೇರಿ ಸಂವಿಧಾನ ನ್ಯಾಯಾಲಯಕ್ಕೆ ಒಂದು ಅರ್ಜಿ ಹಾಕಿತು. ಆ ಐವರಲ್ಲಿ ಗಂಡಸರೂ ಇದ್ದರು. ಪ್ರಶ್ನಿಸಿದ್ದು ವಸಾಹತು ಕಾಲದ ವಿಚ್ಛೇದನ ಕಾಯ್ದೆಯನ್ನು. ಅದರ ಪ್ರಕಾರ ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿ ಗಂಡ ವಿಚ್ಛೇದನ ಪಡೆಯಬಹುದು. ಹೆಂಡತಿಗಾದರೆ ಗಂಡನ ವ್ಯಭಿಚಾರವೊಂದೇ ಸಾಲದು, ಅದರ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕು. ಹೆಂಡತಿಯೊಡನೆ ಸಂಬಂಧವಿಟ್ಟುಕೊಂಡವನಿಂದ ಗಂಡ ಪರಿಹಾರ ವಸೂಲಿ ಮಾಡಬಹುದು. ಹೆಂಡತಿಗೆ ಅಂಥ ಹಕ್ಕಿಲ್ಲ. 2004ರ ಮಾರ್ಚಿನಲ್ಲಿ ನ್ಯಾಯಾಲಯ ಈ ಕಲಮುಗಳು 1995ರ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು.

ಈ ಕಾಯ್ದೆ ನಮಗೆ ದೂರದ್ದಲ್ಲ. ಇದರ ಮೂಲ 1857ರ ಇಂಗ್ಲೆಂಡಿನ ಕಾನೂನು. ಅದೇ ಬೇರಿನಿಂದ ಬಂದ 1869ರ ಭಾರತೀಯ ವಿಚ್ಛೇದನ ಕಾಯ್ದೆಯಲ್ಲೂ ಇದೇ ಎರಡು ತಕ್ಕಡಿಗಳಿದ್ದವು. 2001ರ ತಿದ್ದುಪಡಿಯವರೆಗೆ ಮಂಗಳೂರಿನ ಕ್ರೈಸ್ತ ಹೆಣ್ಣುಮಗಳೊಬ್ಬಳಿಗೂ ಕಂಪಾಲಾದ ಹೆಣ್ಣುಮಗಳಿಗೂ ಕಾನೂನು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಮಾತು.

ಉಗಾಂಡಾದ ಈ ಪ್ರಕರಣವನ್ನು ಮೊದಲ ಸಲ ಓದಿದಾಗ ನನಗೆ ಬೇಸರವಾಯಿತು. ಅದರಲ್ಲಿ ಕಥೆಯೇ ಇಲ್ಲ. ಪಾತ್ರವಿಲ್ಲ, ಘಟನೆಯಿಲ್ಲ. ಕಲಮು, ಉಪಕಲಮು, ಸಂವಿಧಾನದ ವಿಧಿ, ಅಷ್ಟೇ. ಮತ್ತೆ ಓದಿದಾಗ ಈ ಬೇಸರವೇ ಮುಖ್ಯ ಎನಿಸಿತು. ಉಗಾಂಡಾದ ಸಂವಿಧಾನದ 137ನೇ ವಿಧಿಯಂತೆ, ಒಂದು ಕಾನೂನು ಸಂವಿಧಾನಕ್ಕೆ ವಿರುದ್ಧವಾಗಿದೆ ಎನ್ನುವ ಯಾರು ಬೇಕಾದರೂ ನ್ಯಾಯಾಲಯಕ್ಕೆ ಹೋಗಬಹುದು. ಆ ಕಾನೂನಿನಿಂದ ನೊಂದ ಹೆಣ್ಣೇ ಹೋಗಬೇಕಾಗಿಲ್ಲ. ಹಾಗಾಗಿ ಸಂಘ 'ನಾವು' ಎಂದು ನಿಂತುಕೊಂಡಿತು. ಯಾರೊಬ್ಬರೂ ತನ್ನ ಗಂಡ ಏನು ಮಾಡಿದ ಎಂದು ಕಟಕಟೆ ಹತ್ತಿ ಹೇಳಬೇಕಾಗಲಿಲ್ಲ. ನನಗೆ ಬೇಸರ ತಂದ ಆ ಒಣ ಭಾಷೆ ಎಷ್ಟೋ ಹೆಂಗಸರ ಮಾನ ಕಾಯುವ ಭಾಷೆಯೂ ಆಗಿತ್ತು. "ಇನ್ನೂ ಎಷ್ಟ್ ಸಲ ಹೇಳ್ಲಿ" ಎಂಬ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಉತ್ತರ ಇದು: ಈ ಸಲ ನೀವು ಹೇಳುವುದು ಬೇಡ.

ಮೂರನೆಯದು ಸಿನಿಮಾ. ಫ್ಲಾರೆನ್ಸ್ ಅಯಿಸಿ ಮತ್ತು ಕಿಮ್ ಲಾಂಗಿನೊಟ್ಟೊ ನಿರ್ದೇಶಿಸಿದ 2005ರ ಸಾಕ್ಷ್ಯಚಿತ್ರ 'ಸಿಸ್ಟರ್ಸ್ ಇನ್ ಲಾ'. ಕ್ಯಾಮರೂನಿನ ಕುಂಬಾ ಎಂಬ ಊರಿನ ಸರ್ಕಾರಿ ಅಭಿಯೋಜಕಿ ವೆರಾ ನ್‌ಗಾಸ್ಸಾ ಮತ್ತು ನ್ಯಾಯಾಧೀಶೆ ಬಿಯಾಟ್ರಿಸ್ ನ್‌ಟುಬಾ ಇದರ ಕೇಂದ್ರ. ಇಲ್ಲಿರುವುದು ಸಂಘವಲ್ಲ, ಒಂದು ಊರಿನ ನ್ಯಾಯವ್ಯವಸ್ಥೆಯೊಳಗೆ ಒಬ್ಬರಿಗೊಬ್ಬರು ಒತ್ತಾಸೆಯಾಗಿರುವ ಹೆಂಗಸರು. ಗಂಡನ ಹೊಡೆತ ತಾಳಲಾರದೆ ವಿಚ್ಛೇದನ ಕೇಳುವ ಮುಸ್ಲಿಂ ಮಹಿಳೆ, ನೆರೆಯವನ ಮೇಲೆ ಅತ್ಯಾಚಾರದ ದೂರು ಕೊಟ್ಟ ಬಾಲಕಿ, ಸಾಕುತ್ತಿದ್ದ ಬಂಧುವಿನ ಹೊಡೆತದಿಂದ ಮೈತುಂಬ ಗಾಯದ ಗುರುತುಗಳಿರುವ ಆರು ವರ್ಷದ ಹುಡುಗಿ ಒಬ್ಬೊಬ್ಬರಾಗಿ ಅವರ ಕಛೇರಿಗೆ ಬರುತ್ತಾರೆ.

ಚಿತ್ರ ನನಗೆ ತುಂಬ ಇಷ್ಟವಾಯಿತು. ವೆರಾ ಅವರ ಗದರಿಕೆ, ನಗು, ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳುವ ರೀತಿ ಯಾವ ಕಾದಂಬರಿಯ ಪಾತ್ರಕ್ಕೂ ಕಡಿಮೆಯಿಲ್ಲ. ಹಾಗಿದ್ದರೂ ಆ ಮಗುವಿನ ಬೆನ್ನಿನ ಗಾಯಗಳನ್ನು ಕ್ಯಾಮೆರಾ ತೋರಿಸುವಾಗ ಸೆಮಿನಾರಿನ ಊಟದ ಹೊತ್ತು ನೆನಪಾಯಿತು. ವೆರಾ ಆ ಗಾಯಗಳನ್ನು ನೋಡಬೇಕು, ಅದು ಸಾಕ್ಷ್ಯ. ನಾನು ಯಾಕೆ ನೋಡಬೇಕು? ನ್ಯಾಯಾಧೀಶೆಗೆ ಸಾಕ್ಷ್ಯವಾದದ್ದು ಪ್ರೇಕ್ಷಕಳಿಗೆ ಕಥೆಯಾಗುತ್ತದೆ. ಶಿಕ್ಷೆ ಆದ ದಿನ ಸಾಕ್ಷ್ಯದ ಕೆಲಸ ಮುಗಿಯಿತು. ಚಿತ್ರ ಮಾತ್ರ ಆ ಮಗು ದೊಡ್ಡವಳಾದ ಮೇಲೂ ಓಡುತ್ತಲೇ ಇರುತ್ತದೆ. ಚಿತ್ರ ಮಾಡಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಅದನ್ನು ನೋಡಿಯೇ ಧೈರ್ಯ ತಂದುಕೊಂಡವರು ಇರಬಹುದು. 'ಅವಳು' ಎಂದು ಹೇಳುವ ಪಠ್ಯಕ್ಕೆ ಮಾತ್ರ ಈ ಸಾಲ ಇದ್ದೇ ಇರುತ್ತದೆ ಎನ್ನುತ್ತಿದ್ದೇನೆ.

ಹಾಗಾದರೆ 'ನಾವು' ಎನ್ನುವುದೇ ಮೇಲೇ? ಅಷ್ಟು ಸಲೀಸಾಗಿ ಒಪ್ಪಲು ಮನಸ್ಸು ಬರುವುದಿಲ್ಲ. ಉಗಾಂಡಾದ ಅರ್ಜಿಯ 'ನಾವು' ಓದಿದವರ 'ನಾವು'. ಆ ಕಾಯ್ದೆ ಸಂಪ್ರದಾಯದಂತೆ ಮದುವೆಯಾದ ಲಕ್ಷಾಂತರ ಹಳ್ಳಿ ಹೆಂಗಸರ ಬದುಕನ್ನು ನೇರವಾಗಿ ಮುಟ್ಟುವುದೂ ಇಲ್ಲ. ಕಲಮುಗಳು ಬಿದ್ದ ಮೇಲೆ ಅವುಗಳ ಜಾಗದಲ್ಲಿ ಹೊಸದು ಬರಬೇಕಲ್ಲ. ವಿವಾಹ ಮತ್ತು ವಿಚ್ಛೇದನ ಮಸೂದೆ ಸಂಸತ್ತಿನಲ್ಲಿ ವರ್ಷಗಟ್ಟಲೆ ನೆನೆಗುದಿಗೆ ಬಿದ್ದು, 2013ರಲ್ಲಿ ಮತ್ತೊಮ್ಮೆ ಬದಿಗೆ ಸರಿಯಿತು. ಕಥೆಯಿಲ್ಲದ ಅರ್ಜಿ ಕೋರ್ಟಿನಲ್ಲಿ ಗೆಲ್ಲಬಹುದು. ಸಮಾಜದ ಮನಸ್ಸಿಗೆ ಇಳಿಯಲು ಕಥೆಯೇ ಬೇಕೇನೋ. ಡೌ ಕೇಸು ಗೆದ್ದ ಮೇಲೂ ಕಾದಂಬರಿಗಳನ್ನು ಬರೆದರು. 2006ರ 'ದ ಹೆವನ್ಸ್ ಮೇ ಫಾಲ್' ಕಾದಂಬರಿಯ ನಿರೂಪಕಿ ನಲೇದಿಯೂ ಒಬ್ಬ ವಕೀಲೆಯೇ. ಅಲ್ಲಿಯ ನೋವು ಕಲ್ಪಿತ ಪಾತ್ರದ್ದು, ಆದ್ದರಿಂದ ಯಾರ ಗಾಯವನ್ನೂ ಮತ್ತೆ ತೆರೆಯಬೇಕಾಗಿಲ್ಲ. ಕಲ್ಪನೆಗೆ ಇಂಥದೊಂದು ನೈತಿಕ ಉಪಯೋಗವಿದೆ ಎಂದು ನಾನು ಮುಂಚೆ ಯೋಚಿಸಿರಲಿಲ್ಲ.

ಇಲ್ಲಿ ಕನ್ನಡದ ಓದುಗರಿಗೆ ಬಾನು ಮುಷ್ತಾಕ್ ನೆನಪಾಗದೆ ಇರುವುದಿಲ್ಲ. ಹಾಸನದ ವಕೀಲೆ, ದೀಪಾ ಭಾಸ್ತಿಯವರ ಅನುವಾದದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಮೇಲೆ ಅವರ ವಕೀಲಿಕೆಯನ್ನು ಎಲ್ಲರೂ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಗಿರೀಶ ಕಾಸರವಳ್ಳಿಯವರ 'ಹಸೀನಾ' ಚಿತ್ರಕ್ಕೆ ಮೂಲವಾದ 'ಕರಿ ನಾಗರಗಳು' ಕಥೆಯನ್ನು ಈ ಅರ್ಜಿಗಳ ಪಕ್ಕದಲ್ಲಿಟ್ಟು ನೋಡಿ. ಗಂಡ ಬಿಟ್ಟುಹೋದ ಹೆಣ್ಣು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಅಂಗಳದಲ್ಲಿ ನ್ಯಾಯಕ್ಕಾಗಿ ಕೂರುತ್ತಾಳೆ. ಅವಳ ಅರ್ಜಿಯ ಭಾಷೆ ಪೂರ್ತಿ 'ನಾನು'. ಕೇಳಬೇಕಾದ ಮುತವಲ್ಲಿ ಕೇಳುವುದಿಲ್ಲ, ಮಗು ಸಾಯುತ್ತದೆ. ಆಗ ಮೊಹಲ್ಲಾದ ಹೆಂಗಸರೆಲ್ಲ ಅವನಿಗೆ ಶಾಪ ಹಾಕುತ್ತಾರೆ. ಕಥೆಯಲ್ಲಿ 'ನಾವು' ಹುಟ್ಟುವುದು ಅಲ್ಲಿ; ಹುಟ್ಟುವ ಹೊತ್ತಿಗೆ ತಡವಾಗಿದೆ. ಈ ಶಾಪವನ್ನು ನಾನು ಹಿಂದೆ ಜಾನಪದದ ಶಕ್ತಿ ಎಂದು ಓದಿ ಬರೆದಿದ್ದೆ. ಈಗ ಅದು ಬರೆಯಲಾಗದೆ ಹೋದ ಒಂದು ಅರ್ಜಿಯ ಹಾಗೆ ಕಾಣುತ್ತದೆ. ಮಗು ಸಾಯುವ ಮೊದಲೇ ಆ ಹೆಂಗಸರು ಒಟ್ಟಾಗಿ ಅಂಗಳಕ್ಕೆ ಬಂದಿದ್ದರೆ ಎಂದು ಓದುವವರಿಗೆ ಅನಿಸುತ್ತದಲ್ಲ, ಮಹಿಳಾ ವಕೀಲರ ಸಂಘಗಳು ಮಾಡಹೊರಟದ್ದು ಅದನ್ನೇ: ಶಾಪವಾಗುವ ಮೊದಲೇ 'ನಾವು' ಎನ್ನುವುದನ್ನು ಅರ್ಜಿಯಾಗಿಸುವುದು.

ಪ್ರಬಂಧವನ್ನು ತಿದ್ದುತ್ತಿದ್ದೇನೆ. ಕೊನೆಯ ಭಾಗ ತೆಗೆದುಹಾಕಿದೆ. ನನ್ನ ಮಾರ್ಗದರ್ಶಕರು, "ಅದೇ ಜೀವ ಇದ್ದ ಭಾಗ ಕಣಮ್ಮ, ಯಾಕೆ ತೆಗೆದೆ?" ಅಂದರು. ಜೀವ ಇದ್ದದ್ದು ನಿಜ, ಅದು ಬೇರೆಯವರ ಜೀವ ಸರ್ ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಆ ಜಾಗದಲ್ಲಿ ಉಗಾಂಡಾದ ತೀರ್ಪಿನ ಬಗ್ಗೆ ನಾಲ್ಕು ಪುಟ ಸೇರಿಸಿದ್ದೇನೆ. ಮುಂದಿನ ಸೆಮಿನಾರಿನಲ್ಲಿ ಅದನ್ನು ಓದಿದರೆ ಯಾರ ಕಣ್ಣಲ್ಲೂ ನೀರು ಬರಲಾರದು.